ಕೂಗುಕಲ್ಲು

ನಮ್ಮ ಊರಿನಲ್ಲಿ, ಸಭೆ ಯಾವ ದೇಶವನ್ನು ಒಪ್ಪಿಕೊಂಡಿಲ್ಲವೋ ಆ ದೇಶದವರ ಮಾತು ಯಾರ ಕಿವಿಗೂ ಬೀಳುವುದಿಲ್ಲ. ಹೊರಗಿನಿಂದ ಬಂದವರು ಇದನ್ನು ತಿಳಿದು ಹುಬ್ಬೇರಿಸುತ್ತಾರೆ. ಹುಬ್ಬೇರಿಸುವಂಥದ್ದು ಏನಿದೆಯೋ ನನಗಂತೂ ಗೊತ್ತಿಲ್ಲ. ನಾವು ಹುಟ್ಟುವ ಮೊದಲಿನಿಂದಲೂ ಹೀಗೇ ಇದೆ. ಮನುಷ್ಯ ಕಣ್ಣಿಗೆ ಕಾಣುತ್ತಾನೆ, ಅವನ ಚಪ್ಪಲಿಯ ಸದ್ದು ಕೇಳುತ್ತದೆ, ಅವನು ಕೊಟ್ಟ ಕಾಸನ್ನು ಅಂಗಡಿಯವರು ಬೇಡ ಅನ್ನುವುದಿಲ್ಲ. ಮಾತು ಮಾತ್ರ ತುಟಿ ದಾಟುವುದಿಲ್ಲ. ಸಭೆ ಒಪ್ಪಿ, ಬಂದರಿನ ಗೋಪುರದ ಗಂಟೆ ಬಾರಿಸಿದರೆ ಆ ಕ್ಷಣವೇ ಮಾತು ಹೊರಬೀಳುತ್ತದೆ. ದಕ್ಷಿಣದ ಯಾವುದೋ ದ್ವೀಪದವನೊಬ್ಬ ನಮ್ಮ ಮೀನು ಮಾರುಕಟ್ಟೆಯಲ್ಲಿ ವರ್ಷಗಟ್ಟಲೆ ವ್ಯಾಪಾರ ಮಾಡಿಕೊಂಡಿದ್ದ. ಸದಾ ನಗುಮುಖ, ಸದಾ ತುಟಿ ಅಲ್ಲಾಡುತ್ತಿತ್ತು. ಪಾಪ, ದೇವರ ನಾಮ ಹೇಳಿಕೊಳ್ಳುತ್ತಾನೆ ಎಂದು ನಾವೆಲ್ಲ ಅಂದುಕೊಂಡಿದ್ದೆವು. ಅವನ ದೇಶಕ್ಕೆ ಗಂಟೆ ಬಾರಿಸಿದ ದಿನ ಗೊತ್ತಾಯಿತು, ಆಸಾಮಿ ಅಷ್ಟು ವರ್ಷವೂ ನಗುನಗುತ್ತಲೇ ಮೀನಿನವಳ ವಂಶವನ್ನು ಜಾಲಾಡುತ್ತಿದ್ದ. ಗಂಟೆಯಾದದ್ದು ಅವನ ಗಮನಕ್ಕೇ ಬರಲಿಲ್ಲ, ಬೈಗುಳ ಮುಂದುವರಿಸಿದ. ಅವಳು ಬುಟ್ಟಿಯನ್ನು ಅವನ ತಲೆಯ ಮೇಲೆ ಕವುಚಿದಳು. ಈಗ ಇಬ್ಬರೂ ಚೆನ್ನಾಗಿದ್ದಾರೆ.

ಗಂಟೆಯಿಲ್ಲದೆ ಅಂಥವರ ಮಾತು ಕೇಳುವುದಕ್ಕೆ ಇರುವ ದಾರಿ ಒಂದೇ. ಅವರ ಹೊಸ್ತಿಲಲ್ಲಿ ಕೂತು, ಅವರು ಮುರಿದ ರೊಟ್ಟಿಯ ಅರ್ಧವನ್ನು ಅವರ ಜೊತೆಗೇ ತಿನ್ನಬೇಕು. ತಿಂದವರಿಗೆ ಆಮೇಲೆ ಎಲ್ಲವೂ ಕೇಳುತ್ತದೆ. ಆದರೆ ಹಾಗೆ ಹೋಗಿ ತಿನ್ನುವವರು ನಮ್ಮಲ್ಲಿ ಕಡಿಮೆ. ಸಭೆ ಇನ್ನೂ ಯೋಚಿಸುತ್ತಿರುವಾಗ ನಾವು ಮುಂಚೆಯೇ ತಿಂದುಬಿಟ್ಟರೆ ಸಭೆಯ ಕೈ ಹಿಡಿದು ಎಳೆದ ಹಾಗಾಗುತ್ತದೆ ಎಂದು ಊರಿನವರ ಅಂಜಿಕೆ. ಸರ್ಕಾರಿ ಕೆಲಸದವರಿಗಂತೂ ಕಟ್ಟುನಿಟ್ಟಾಗಿ ಹೇಳಿಟ್ಟಿದ್ದರು.

ನಾನು ಸಾಕಮ್ಮ, ಸರ್ಕಾರಿ ಕೆಲಸದವಳೇ. ಸಭಾಮನೆಯ ಅಡುಗೆಕೋಣೆ ನನ್ನದು. ನನ್ನ ಗಂಡ ಹಡಗು ಹತ್ತಿ ಹೋದವನು ಬೇರೆ ಯಾವುದೋ ಬಂದರಿನಲ್ಲಿ ಸಂಸಾರ ಹೂಡಿದ ಎಂದು ಸುದ್ದಿ ಬಂತು, ಅವನು ಬರಲಿಲ್ಲ. ನನ್ನ ಬಾಯಿ ಜೋರು ಎಂದು ಊರಿನಲ್ಲಿ ಹೆಸರಾಗಿದೆ. ಮನೆಯಲ್ಲಿ ಮಾತಾಡಲು ಒಂದು ನರಪಿಳ್ಳೆ ಇಲ್ಲದವಳು ಸಿಕ್ಕಿದ ಕಡೆ ಎರಡು ಮಾತು ಹೆಚ್ಚಿಗೆ ಆಡಿದರೆ ಬಾಯಿ ಜೋರು ಅನ್ನುತ್ತಾರೆ. ಅನ್ನಲಿ ಬಿಡಿ.

ಸಭಾಮನೆಗೆ ರೊಟ್ಟಿ ತರಲು ನಾನು ಬೆಳಗಾಗುತ್ತಲೇ ಬಂದರಿನ ಬೀದಿಗೆ ಹೋಗುತ್ತಿದ್ದೆ. ಅಲ್ಲಿ ಜಿಯಾದ್ ಎನ್ನುವವರ ರೊಟ್ಟಿ ಅಂಗಡಿ. ಪ್ಯಾಲೆಸ್ಟೀನಿನವರು. ಒಂದು ಹಡಗಿನಲ್ಲಿ ಅಡುಗೆಯವರಾಗಿ ಬಂದು, ಆ ಹಡಗು ಅವರನ್ನು ಇಲ್ಲೇ ಬಿಟ್ಟು ಹೋದ ಮೇಲೆ ಭಟ್ಟಿ ಕಟ್ಟಿಕೊಂಡು ನಿಂತವರು. ಅವರ ರೊಟ್ಟಿ ಊರಿಗೆಲ್ಲ ಬೇಕು. ಜನ ಹಲಗೆಯ ಮೇಲೆ ಕಾಸು ಇಟ್ಟು, ಎಷ್ಟು ಬೇಕೆಂದು ಬೆರಳಲ್ಲಿ ತೋರಿಸಿ, ಎತ್ತಿಕೊಂಡು ಮನೆಗೆ ಹೋಗಿ ತಿನ್ನುತ್ತಿದ್ದರು. ಮಕ್ಕಳು ಅವರನ್ನು ಮೂಗ ತಾತ ಎಂದು ಕರೆಯುತ್ತಿದ್ದವು. ನಾನೂ ಎಲ್ಲರ ಹಾಗೆ ಹಲಗೆಯ ಮುಂದೆ ನಿಂತು ಬರುತ್ತಿದ್ದವಳೇ. ಒಂದು ದಿನ ಖಾಲಿ ಹೊಟ್ಟೆಯಲ್ಲಿ ಹೋಗಿದ್ದೆ, ಅವರ ಅಂಗಡಿ ಮುಂದೆ ತಲೆ ಸುತ್ತಿ ಬಂದು ಹೊಸ್ತಿಲ ಮೇಲೆ ಕುಸಿದೆ. ಅವರು ಓಡಿ ಬಂದು, ಎಳ್ಳನ್ನೂ ಒಣಗಿಸಿದ ಕಾಡುಸೊಪ್ಪಿನ ಪುಡಿಯನ್ನೂ ಹಚ್ಚಿದ ಬಿಸಿ ರೊಟ್ಟಿ ಮುರಿದು ಅರ್ಧ ನನ್ನ ಕೈಗಿಟ್ಟರು. ಅವರು ತಿನ್ನದೆ ನಾನು ತಿನ್ನುವುದಿಲ್ಲವೆಂದು ತಿಳಿದೋ ಏನೋ, ಉಳಿದರ್ಧ ತಮ್ಮ ಬಾಯಿಗಿಟ್ಟುಕೊಂಡರು. ಹಸಿದವಳಿಗೆ ಸಭೆಯ ನೆನಪು ಎಲ್ಲಿ ಬರಬೇಕು.

"ನಿಧಾನ ತಿನ್ನು ತಂಗಿ, ಬಿಸಿ ಇದೆ" ಎಂದು ಯಾರೋ ಅಂದರು. ತಿರುಗಿ ನೋಡಿದರೆ ಅವರೇ.

ದಪ್ಪ ದನಿ, ಸ್ವಲ್ಪ ಗೊಗ್ಗರು. ನಮ್ಮ ಭಾಷೆಯನ್ನು ಚೊಕ್ಕವಾಗಿ ಆಡುತ್ತಿದ್ದರು. ಊರೆಲ್ಲ ಆಡುವುದನ್ನು ಕೇಳಿ ಕೇಳಿ ಕಲಿತದ್ದು. "ಇಷ್ಟು ವರ್ಷ ಯಾರ ಹತ್ರ ಮಾತಾಡ್ತಿದ್ರಿ ಅಣ್ಣ?" ಎಂದೆ. "ಹಿಟ್ಟಿನ ಹತ್ರ" ಅಂದರು. ನನಗೆ ನಗು ಬಂತು, ಹಿಂದೆಯೇ ಕಣ್ಣಲ್ಲಿ ನೀರೂ ಬಂತು. ನಾನೂ ಒಲೆ ಮುಂದೆ ನಿಂತು ಸಾಸಿವೆ ಡಬ್ಬಿಯ ಹತ್ತಿರ ಮಾತಾಡುವವಳು. ಇದನ್ನು ಅವರಿಗೆ ಹೇಳಿದೆ. "ಸಾಸಿವೆ ಆದ್ರೂ ಸಿಡಿಯುತ್ತೆ, ಹಿಟ್ಟು ಅದೂ ಇಲ್ಲ" ಅಂದರು.

ಅಂದಿನಿಂದ ನನ್ನ ಬೆಳಗಿಗೆ ಒಂದು ಅರ್ಥ ಬಂತು. ರೊಟ್ಟಿ ಬೇಯುವಷ್ಟು ಹೊತ್ತು ಆ ಹೊಸ್ತಿಲಲ್ಲಿ ಕೂರುತ್ತಿದ್ದೆ. ಅವರು ತಮ್ಮ ಹಳ್ಳಿಯ ಗುಡ್ಡದ ಬಗ್ಗೆ ಹೇಳುವರು, ಹಳ್ಳಿಯ ಬಾವಿಯ ಬಗ್ಗೆ ಹೇಳುವರು, ಹೆಂಡತಿ ವಿದಾದಳ ಬಗ್ಗೆ ಹೇಳುವರು. ವಿದಾದ್ ಹೋದಾಗ ಇವರು ಸಮುದ್ರದ ಮೇಲಿದ್ದರು. ಸುದ್ದಿ ಬಂದಾಗ ಮಣ್ಣಾಗಿ ತಿಂಗಳಾಗಿತ್ತು, ವಾಪಸು ಹೋಗಲು ಯಾವ ಗಡಿಯೂ ಇವರನ್ನು ಬಿಡಲಿಲ್ಲ. "ಒಂದು ಹಿಡಿ ಮಣ್ಣು ಹಾಕಲಿಲ್ಲ ತಂಗಿ. ಹೆಸರು ಹಿಡಿದು ಕೂಗಲೂ ಇಲ್ಲ" ಅನ್ನುತ್ತಿದ್ದರು. ಅದೊಂದೇ ಅವರಿಗೆ ಇದ್ದ ಆಸೆ. ಬೇರೇನನ್ನೂ ಅವರು ಈ ಊರಿನಿಂದ ಬೇಡಿದವರಲ್ಲ.

ನಮ್ಮಲ್ಲಿ ಮಳೆ ನಿಂತ ಮೇಲೆ ಕೂಗುವ ದಿನ ಅಂತ ಬರುತ್ತದೆ. ಬಂದರಿನ ತುದಿಯಲ್ಲಿ ಕೂಗುಕಲ್ಲು ಇದೆ. ಒಬ್ಬೊಬ್ಬರೇ ಅದರ ಮೇಲೆ ಹತ್ತಿ, ತಮ್ಮವರಲ್ಲಿ ಸತ್ತವರ ಹೆಸರನ್ನು ಸಮುದ್ರದ ಕಡೆ ಮುಖ ಮಾಡಿ ಕೂಗುತ್ತಾರೆ. ಕೆಳಗೆ ನೆರೆದ ಊರು ಒಂದೇ ದನಿಯಲ್ಲಿ "ಕೇಳಿಸ್ತು" ಅನ್ನುತ್ತದೆ. ಅಷ್ಟೇ. ಊರು ಹಾಗಂದ ಮೇಲೆ ಆ ಜೀವ ಎಲ್ಲಿ ಸತ್ತಿದ್ದರೂ ನೆಲೆ ಸೇರಿತು ಎಂದು ನಂಬಿಕೆ. ಒಬ್ಬರ ಸತ್ತವರನ್ನು ಇನ್ನೊಬ್ಬರು ಕೂಗುವ ಹಾಗಿಲ್ಲ. ಇನ್ನೊಂದು, ಕೂಗು ಕಿವಿಗೆ ಬೀಳದೆ ಕೇಳಿಸ್ತು ಅನ್ನುವ ಹಾಗಿಲ್ಲ. ಕಳ್ಳತನವನ್ನಾದರೂ ನಮ್ಮ ಊರು ಕ್ಷಮಿಸೀತು, ಅದನ್ನು ಕ್ಷಮಿಸುವುದಿಲ್ಲ. ಮಕ್ಕಳಿಗೆ ಮಾತು ಬರುತ್ತಿದ್ದಂತೆ ಇದನ್ನು ಕಲಿಸುತ್ತೇವೆ.

ಜಿಯಾದಣ್ಣ ಪ್ರತಿ ವರ್ಷವೂ ಕಲ್ಲು ಹತ್ತುತ್ತಿದ್ದರು. ಬಾಯಿ ತೆರೆಯುತ್ತಿತ್ತು, ಕುತ್ತಿಗೆಯ ನರ ಉಬ್ಬುತ್ತಿತ್ತು. ಜನ ಮರ್ಯಾದೆಯಿಂದ ತಲೆ ತಗ್ಗಿಸಿ, ಅವರು ಇಳಿಯುವುದನ್ನು ಕಾಯುತ್ತಿದ್ದರು. ಅವರ ರೊಟ್ಟಿ ಮುರಿದು ತಿಂದ ವರ್ಷ ಮೊದಲ ಸಲ ನನಗೆ ಆ ಕೂಗು ಕೇಳಿಸಿತು. "ವಿದಾದ್" ಎಂದು ಅವರು ಕೂಗಿದ್ದು ನನ್ನ ಹೊಟ್ಟೆಯೊಳಗೆ ಇಳಿಯಿತು. "ಕೇಳಿಸ್ತು" ಎಂದೆ. ಆ ಮೌನದಲ್ಲಿ ನನ್ನದೊಂದೇ ದನಿ. ಊರೆಲ್ಲ ತಿರುಗಿ ನೋಡಿತು.

ಮರುದಿನ ಹೊರನಾಡು ಮಂತ್ರಿ ಪದ್ಮರಾಜಯ್ಯನವರು ಅಡುಗೆಕೋಣೆಯ ಬಾಗಿಲಿಗೆ ಬಂದರು. ಬೇರೆ ದೇಶಗಳ ಜೊತೆಗಿನ ವ್ಯವಹಾರವೆಲ್ಲ ಅವರ ಕೈಯಲ್ಲಿ. ಮೆತ್ತಗಿನ ಮನುಷ್ಯ, ಯಾರಿಗೂ ಇಲ್ಲ ಅನ್ನುವವರಲ್ಲ, ಹೂಂ ಅನ್ನುವವರೂ ಅಲ್ಲ.

"ಸಾಕಮ್ಮ, ನಿನ್ನೆ ಏನೋ ಅಂದೆಯಂತೆ."

"ಕೇಳಿಸಿದ್ದಕ್ಕೆ ಅಂದೆ ಸ್ವಾಮಿ. ಕೇಳಿಸಿಯೂ ಅನ್ನದಿದ್ರೆ ಅದು ಪಾಪ ಅಲ್ವಾ?"

ಅವರು ಗಡ್ಡ ಕೆರೆದುಕೊಂಡರು. ನನ್ನನ್ನು ಕೆಲಸದಿಂದ ತೆಗೆದರೆ ತಿಳಿಸಾರು ಮಾಡುವವರು ಯಾರು ಎಂಬುದೂ ಅವರ ತಲೆಯಲ್ಲಿ ಓಡಿರಬೇಕು. ಒಂದು ಚಹಾ ಕುಡಿದು ಹೋದರು. ನನ್ನ ಒಬ್ಬಳ ಮಾತಿನಿಂದ ಪ್ರಯೋಜನವೇನೂ ಆಗಲಿಲ್ಲ. ಒಬ್ಬಳು ಅಂದರೆ ಊರು ಅಂದ ಹಾಗೆ ಆಗುವುದಿಲ್ಲ.

ತಿರ್ಜಾಳ ವಿಷಯವನ್ನೂ ಇಲ್ಲಿ ಹೇಳಬೇಕು. ನಮ್ಮ ಊರಿನಲ್ಲಿ ಸಿಹಿನೀರು ಇಲ್ಲ. ಸಮುದ್ರದ ನೀರನ್ನು ಸಿಹಿ ಮಾಡುವ ಯಂತ್ರಗಳು ಇಸ್ರೇಲಿನಿಂದ ಬಂದಿವೆ. ಅವುಗಳ ಜೊತೆ ಬಂದ ಎಂಜಿನಿಯರ್ ಅವಳು. ನಲವತ್ತು ದಾಟಿದ ಹೆಂಗಸು, ಒಬ್ಬಳೇ ಇರುತ್ತಾಳೆ, ಮಾತು ಚುಟುಕು, ನಡಿಗೆ ಚುರುಕು. ಅವಳ ದೇಶಕ್ಕೆ ಎಂದೋ ಗಂಟೆ ಬಾರಿಸಿದೆ, ಅವಳ ಮಾತು ಎಲ್ಲರಿಗೂ ಕೇಳುತ್ತದೆ. ಅವಳೂ ಕೂಗುಕಲ್ಲು ಹತ್ತಿ "ಆಸಾಫ್" ಎಂದು ತಮ್ಮನ ಹೆಸರು ಕೂಗುತ್ತಾಳೆ, ಊರು ಉತ್ತರ ಕೊಡುತ್ತದೆ. ಆ ವರ್ಷ ನನ್ನ ಪಕ್ಕ ನಿಂತಿದ್ದ ಜಿಯಾದಣ್ಣನೂ "ಕೇಳಿಸ್ತು" ಅಂದರು. ನನ್ನೊಬ್ಬಳಿಗೆ ಅದು ಗೊತ್ತಾಯಿತು.

"ಅವಳ ತಮ್ಮ ಸಿಪಾಯಿ ಆಗಿದ್ದನಂತೆ. ನೀವ್ಯಾಕೆ ಅಂದ್ರಿ?" ಎಂದು ಕೇಳಿದೆ.

"ಕಿವಿಗೆ ಬಿತ್ತಲ್ಲ ತಂಗಿ. ಬಿದ್ಮೇಲೆ ಅನ್ನಬೇಕು. ನಿಮ್ಮೂರಲ್ಲೇ ಕಲಿತದ್ದು."

ಮುಂದಿನ ಬೇಸಿಗೆಯಲ್ಲಿ ಅವರ ದನಿ ಒಡೆಯತೊಡಗಿತು. ಮೊದಲು ಭಟ್ಟಿಯ ಹೊಗೆಯೆಂದುಕೊಂಡೆವು. ಬಂದರಿಗೆ ಬಂದಿದ್ದ ಒಂದು ಹಡಗಿನ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ. ಜಿಯಾದಣ್ಣ ಹೇಳಿದ್ದನ್ನು ನಾನು ಮತ್ತೆ ಹೇಳುವುದು, ಡಾಕ್ಟರು ಅದನ್ನು ಕೇಳಿಸಿಕೊಳ್ಳುವುದು. ಗಂಟಲೊಳಗೆ ಕನ್ನಡಿ ಇಳಿಬಿಟ್ಟು ನೋಡಿದ ಡಾಕ್ಟರು ನನ್ನ ಕಡೆ ತಿರುಗಿ, "ಜೀವಕ್ಕೇನೂ ತೊಂದರೆ ಇಲ್ಲಮ್ಮ. ದನಿ ಮಾತ್ರ ಉಳಿಯಲ್ಲ. ಮಳೆಗಾಲ ದಾಟಿದ್ರೆ ಅದೃಷ್ಟ" ಎಂದರು. ಹೊರಗೆ ಬಂದ ಮೇಲೆ ಜಿಯಾದಣ್ಣ, "ಇನ್ನೊಂದು ಕೂಗುವ ದಿನ ಸಿಗಬಹುದು. ಅಷ್ಟರೊಳಗೆ ನಿಮ್ಮ ಸಭೆ ಗಂಟೆ ಬಾರಿಸಿದ್ರೆ ಊರು ಅವಳ ಹೆಸರು ಕೇಳುತ್ತೆ. ಇಲ್ದಿದ್ರೆ ಇಲ್ಲ" ಎಂದರು. ಅಳು ತಡೆಯಲಾರದೆ ನಾನು ಸೆರಗು ಬಾಯಿಗೆ ಒತ್ತಿಕೊಂಡೆ. ಆಸೆಬುರುಕಿ ನಾನು, ನನ್ನ ಅಳುವಿನಲ್ಲಿ ನನ್ನ ಪಾಲೂ ಇತ್ತು. ಆ ದನಿ ಹೋದರೆ ಬೆಳಗಾಗೆದ್ದು ನಾನು ಹೋಗಬೇಕಾದರೂ ಎಲ್ಲಿಗೆ?

ಸಭೆಯಲ್ಲಿ ಪ್ಯಾಲೆಸ್ಟೀನಿನ ವಿಷಯ ಪ್ರತಿ ವರ್ಷ ಬರುತ್ತಿತ್ತು, ಪ್ರತಿ ವರ್ಷ ಮುಂದಕ್ಕೆ ಹೋಗುತ್ತಿತ್ತು. ಚಹಾ ಕೊಡುವವಳ ಮುಂದೆ ದೊಡ್ಡವರು ನಾಲಿಗೆ ಬಿಗಿಹಿಡಿಯುವುದಿಲ್ಲ. ಆ ಸಲದ ಚರ್ಚೆಯನ್ನು ನಾನು ತಟ್ಟೆ ಹಿಡಿದು ನಿಂತೇ ಕೇಳಿದೆ.

"ಕುಡಿಯೋ ನೀರು ಯಾರ ಯಂತ್ರದಿಂದ ಬರ್ತಿದೆ ಅನ್ನೋದು ನೆನಪಿರ್ಲಿ" ಎಂದರು ನೀರಿನ ಉಸ್ತುವಾರಿಯ ಸದಸ್ಯರು. "ನಾಳೆ ಇಸ್ರೇಲಿನವರು ಬಿಡಿಭಾಗ ಕೊಡಲ್ಲ ಅಂದ್ರೆ ಈ ಮಾನ್ಯತೆ ಹಿಂಡಿಕೊಂಡು ಕುಡಿಯೋಣವಾ?"

"ನಮ್ಮ ಮನೆ ಮನೆಯ ಗಂಡಸರು ಅರಬರ ಹಡಗಲ್ಲಿ ದುಡೀತಿದಾರೆ. ದೀಪದ ಎಣ್ಣೆಯೂ ಅಲ್ಲಿಂದಲೇ. ಅವರು ಕೇಳಿದಾಗ ನಾನು ಯಾವ ಮುಖ ತೋರಿಸ್ಲಿ?" ಎಂದರು ಬಂದರಿನ ಸದಸ್ಯರು.

ಮೂಲೆಯಲ್ಲಿದ್ದ ಮುದುಕಿ ಸದಸ್ಯೆ, "ನಮ್ಮ ಅಜ್ಜಂದಿರ ಕಾಲದಲ್ಲಿ ಈ ಊರೂ ಇನ್ನೊಬ್ಬರ ಕೈಕೆಳಗೆ ಇತ್ತು. ಆಗ ನಮ್ಮ ಮಾತು ಯಾರು ಕೇಳಿದ್ರು ಅಂತ ಒಂದ್ಸಲ ಯೋಚಿಸಿ" ಎಂದರು. ಯಾರೂ ಯೋಚಿಸಿದ ಹಾಗೆ ಕಾಣಲಿಲ್ಲ.

ಪದ್ಮರಾಜಯ್ಯನವರು ಎದ್ದು ನಿಂತು, ಎಂದಿನಂತೆ ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ಎರಡು ಕಡೆಯವರೂ ಕೂತು ಮಾತಾಡಿ ಗಡಿ ಗೊತ್ತುಮಾಡಿಕೊಂಡ ಮೇಲೆ ಒಪ್ಪುವುದು ಒಂದು ದಾರಿಯಂತೆ. ಮೊದಲೇ ಒಪ್ಪಿದರೆ ಮಾತುಕತೆಗೆ ಬಲ ಬರುತ್ತದೆ ಎನ್ನುವುದು ಇನ್ನೊಂದು ದಾರಿಯಂತೆ. ಯುದ್ಧ ನಡೆಯುತ್ತಿರುವಾಗ ಒಪ್ಪಿದರೆ ಬಂದೂಕಿಗೆ ಬಹುಮಾನ ಕೊಟ್ಟ ಹಾಗೆ ಎಂದು ಇಸ್ರೇಲಿನವರಿಗೆ ಬೇಜಾರಾಗುತ್ತದೆ, ಒಪ್ಪದಿದ್ದರೆ ಸತ್ತವರಿಗೆ ಬೆನ್ನು ತೋರಿಸಿದ ಹಾಗೆ ಎಂದು ಅರಬರಿಗೆ ಬೇಜಾರಾಗುತ್ತದೆ. ಆದ್ದರಿಂದ ದೊಡ್ಡ ದೇಶಗಳು ಏನು ಮಾಡುತ್ತವೆಂದು ನೋಡಿ, ಸೂಕ್ತ ಸಮಯದಲ್ಲಿ ತೀರ್ಮಾನ. ಎಲ್ಲರೂ ತಲೆಯಾಡಿಸಿದರು. ನನಗೆ ಮೈ ಉರಿದುಹೋಯಿತು. ಅವರು ಹೇಳಿದ್ದರಲ್ಲಿ ಸುಳ್ಳು ಯಾವುದೂ ಇರಲಿಲ್ಲ, ಅದೇ ಉರಿ.

ಸಭೆ ಮುಗಿದ ಮೇಲೆ ಅವರನ್ನು ಮೆಟ್ಟಿಲ ಹತ್ತಿರ ಅಡ್ಡ ಹಾಕಿದೆ. "ಸ್ವಾಮಿ, ಸೂಕ್ತ ಸಮಯ ನಿಮಗೆ ಇರಬಹುದು. ಆ ಮನುಷ್ಯನ ಗಂಟಲಿಗೆ ಇಲ್ಲ. ನೀವೇ ಒಂದ್ಸಲ ಬಂದು ಕೇಳಿ. ಕೇಳಿದ ಮೇಲೆ ಬೇಡ ಅನ್ನಿ, ನಾನು ಬಾಯಿಗೆ ಬೀಗ ಹಾಕ್ಕೊಂಡಿರ್ತೀನಿ."

ಎರಡು ದಿನ ಬಿಟ್ಟು ಸಂಜೆ, ಗಾಳಿ ಸೇವನೆಗೆ ಬಂದವರ ಹಾಗೆ, ಅವರು ಬಂದೇ ಬಂದರು. ಜಿಯಾದಣ್ಣ ಕೈ ಒರೆಸಿಕೊಂಡು ಹೊಸ್ತಿಲಿಗೆ ಬಂದು, ಚಾಪೆ ಹಾಸಿ, ಆಗತಾನೆ ತೆಗೆದ ರೊಟ್ಟಿ ಮುರಿದು ಅರ್ಧ ಚಾಚಿದರು. ಮಂತ್ರಿಗಳು ಅದನ್ನು ತೆಗೆದುಕೊಂಡರು, ಮೂಸಿದರು. ರೊಟ್ಟಿ ಬಾಯಿಯ ಹತ್ತಿರದವರೆಗೂ ಹೋಯಿತು. ಆಮೇಲೆ ಅದನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗಿಟ್ಟುಕೊಂಡರು.

"ನಾನು ಬರೀ ಪದ್ಮರಾಜಯ್ಯ ಆಗಿದ್ರೆ ತಿಂತಿದ್ದೆ ಸಾಕಮ್ಮ. ನಾನು ತಿಂದ್ರೆ ಊರು ತಿಂದ ಹಾಗೆ" ಎಂದು, ಜಿಯಾದಣ್ಣನಿಗೆ ಕೈ ಮುಗಿದು ಹೊರಟರು.

"ಒಳ್ಳೆ ಮನುಷ್ಯ. ರೊಟ್ಟಿ ಕೆಳಗೆ ಹಾಕಲಿಲ್ಲ" ಎಂದರು ಜಿಯಾದಣ್ಣ. ನನಗೆ ಅಷ್ಟು ದೊಡ್ಡ ಮನಸ್ಸಿಲ್ಲ. ಮರುದಿನ ಮಂತ್ರಿಗಳ ಚಹಾಕ್ಕೆ ಸಕ್ಕರೆ ಹಾಕಲಿಲ್ಲ.

ಅದೇ ವಾರ ತಿರ್ಜಾ ಸಭಾಮನೆಯ ನಲ್ಲಿ ಸರಿಮಾಡಲು ಬಂದಳು. ಕೆಳಗೆ ಬಗ್ಗಿ ಕೊಳವೆ ತಿರುಗಿಸುತ್ತಿದ್ದವಳಿಗೆ ನಾನು ಸುಮ್ಮನೆ, ಮಾತಿಗೆ ಮಾತು ಬಂದು, ಕಳೆದ ಸಲ ಅವಳ ತಮ್ಮನ ಹೆಸರಿಗೆ ಜಿಯಾದಣ್ಣನೂ ಉತ್ತರ ಕೊಟ್ಟರೆಂದು ಹೇಳಿದೆ. ಅವಳ ಕೈ ನಿಂತಿತು. "ಸುಳ್ಳು" ಎಂದಳು. "ಕೂಗುವ ದಿನದ ವಿಷಯದಲ್ಲಿ ನಮ್ಮೂರಲ್ಲಿ ಯಾರೂ ಸುಳ್ಳು ಹೇಳಲ್ಲಮ್ಮ" ಎಂದೆ. ಅವಳು ನಲ್ಲಿಯನ್ನು ಅರ್ಧಕ್ಕೇ ಬಿಟ್ಟು ಹೋದಳು.

ಮರುದಿನ ಬೆಳಗ್ಗೆ ನಾನು ಹೋಗುವಷ್ಟರಲ್ಲಿ ಅವಳು ಆ ಹೊಸ್ತಿಲಲ್ಲಿ ಕೂತಿದ್ದಳು. ಜಿಯಾದಣ್ಣ ರೊಟ್ಟಿ ಮುರಿದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ತಿಂದರು. ಅವಳ ಕಿವಿಗೆ ಬಿದ್ದ ಮೊದಲ ಮಾತು, "ನಿಮ್ಮ ತಮ್ಮನಿಗೆ ವಯಸ್ಸೆಷ್ಟಿತ್ತು?"

"ಇಪ್ಪತ್ತು" ಎಂದಳು ತಿರ್ಜಾ.

ಎರಡನೆಯ ಮಾತು ಏನಿತ್ತೋ, ಮೂರನೆಯದಕ್ಕೆ ಜಗಳ ಹತ್ತಿಕೊಂಡಿತು. ಯಾರು ಮೊದಲು ಬಂದದ್ದು, ಯಾರು ಯಾರನ್ನು ಓಡಿಸಿದ್ದು, ಯಾರು ಯಾರಿಗೆ ಹೆದರಿ ಗೋಡೆ ಕಟ್ಟಿದ್ದು, ಆ ಗುಡ್ಡದ ಹೆಸರೇನು. ಒಂದೇ ಗುಡ್ಡಕ್ಕೆ ಇಬ್ಬರೂ ಎರಡು ಹೆಸರು ಹೇಳಿದರು. ಭಟ್ಟಿಯಲ್ಲಿ ರೊಟ್ಟಿ ಸೀದು ಕರಕಾಯಿತು. ದಾರಿಹೋಕರಿಗೆ ಕಂಡದ್ದು ಮಾತ್ರ, ನೀರಿನ ಎಂಜಿನಿಯರಮ್ಮ ಮೂಗ ತಾತನ ಮೇಲೆ ಕೂಗಾಡುತ್ತಿದ್ದುದು. "ಪಾಪ, ಬಾಯಿಲ್ಲದವನ ಮೇಲೆ ಜೋರು ಮಾಡ್ತಾಳೆ" ಎಂದುಕೊಂಡು ಹೋದರು. ಅವಳು ಕಣ್ಣೊರೆಸಿಕೊಂಡು ಎದ್ದು ನಡೆದಳು, ಇನ್ನು ಈ ಕಡೆ ತಲೆ ಹಾಕುವುದಿಲ್ಲವೆಂದು ನಾನು ತಿಳಿದೆ. ಮರುದಿನ ಮತ್ತೆ ಬಂದು ಕೂತಳು.

"ನಿನ್ನೆ ಒಂದು ಮಾತಿಗೆ ಉತ್ತರ ಕೊಡೋದು ಮರೆತಿದ್ದೆ" ಎಂದಳು.

ಅವರ ಜಗಳ ಮುಗಿಯಲಿಲ್ಲ, ಮುಗಿಯುವಂಥದ್ದೂ ಅಲ್ಲ. ಆದರೆ ಅವಳು ದಿನಾ ಬಂದಳು. ಅವರ ದನಿ ತೆಳ್ಳಗಾದಷ್ಟೂ ಅವಳು ಹತ್ತಿರ ಸರಿದು ಕೂರುತ್ತಿದ್ದಳು. ಸಭೆಯವರು ಅವಳನ್ನು ಕರೆಸಿ, ನಾವು ಒಪ್ಪಿದರೆ ನಿಮ್ಮ ಸರ್ಕಾರ ಏನು ಮಾಡಬಹುದೆಂದು ಕೇಳಿದಾಗ, "ಕೋಪ ಮಾಡಿಕೊಳ್ಳುತ್ತೆ. ಆಮೇಲಿನದು ನನಗೆ ಗೊತ್ತಿಲ್ಲ. ಬಿಡಿಭಾಗ ಗೋದಾಮಿನಲ್ಲಿ ಸಾಕಷ್ಟಿದೆ. ಒಪ್ಪೋದು ಬಿಡೋದು ನಿಮಗೆ ಸೇರಿದ್ದು. ಆ ಮನುಷ್ಯ ಮಾತಾಡ್ತಾನೆ ಅನ್ನೋದು ಮಾತ್ರ ನಿಜ" ಎಂದಳು. ಅದನ್ನು ಹೇಳಿದ್ದಕ್ಕೆ ಅವಳ ಕಡೆಯವರಿಂದ ಅವಳಿಗೆ ಏನೇನು ಮಾತು ಬಂತೋ, ನಮಗೆ ಹೇಳಲಿಲ್ಲ.

ಮಳೆಗಾಲದ ನಡುವೆ ಸಭೆ ಒಂದು ಉಪಾಯ ಹುಡುಕಿತು. ಪ್ಯಾಲೆಸ್ಟೀನನ್ನು ತಾತ್ವಿಕವಾಗಿ ಒಪ್ಪುವುದು, ಪೂರ್ತಿ ಒಪ್ಪುವುದು ಸಮಯ ಬಂದಾಗ. ಗಂಟೆಯ ನಾಲಿಗೆಗೆ ಬಟ್ಟೆ ಸುತ್ತಿ ಬಾರಿಸಿದರು. ದುಪ್ ಅಂತ ಒಂದು ಸದ್ದು ಬಂತು. ಅಂದಿನಿಂದ ಜಿಯಾದಣ್ಣ ಬಾಯಿ ತೆರೆದರೆ ಜನಕ್ಕೆ ಗೋಡೆಯಾಚೆ ಯಾರೋ ಗೊಣಗಿದ ಹಾಗೆ ಕೇಳತೊಡಗಿತು, ಮಾತು ಮಾತ್ರ ತಿಳಿಯದು. ಮಕ್ಕಳು ಅಂಗಡಿ ಮುಂದೆ ನಿಂತು ಹಾಗೇ ಗೊಣಗಿ ಅಣಕಿಸಿದವು. ದೊಡ್ಡವರು "ಈಗ ಎಷ್ಟೋ ವಾಸಿ, ಏನೋ ಒಂದು ಕೇಳುತ್ತೆ" ಎಂದು ಸಮಾಧಾನ ಹೇಳಿದರು. ಅದುವರೆಗೆ ನಗುತ್ತಿದ್ದ ಜಿಯಾದಣ್ಣ ಅಂಗಡಿಯಲ್ಲಿ ಜನರಿದ್ದಾಗ ಬಾಯಿ ತೆರೆಯುವುದನ್ನು ಬಿಟ್ಟರು. ನಮ್ಮಿಬ್ಬರ ಹತ್ತಿರ ಮಾತ್ರ ಪಿಸುಗುಡುತ್ತಿದ್ದರು.

ಮಳೆ ನಿಲ್ಲುವ ಹೊತ್ತಿಗೆ ಪಿಸುದನಿಯೂ ಬತ್ತಿತು. ಒಂದು ಬೆಳಗ್ಗೆ ರೊಟ್ಟಿ ಮುರಿದು ಕೊಟ್ಟು, ನನ್ನ ಕಡೆ ನೋಡಿ ತುಟಿ ಅಲ್ಲಾಡಿಸಿದರು. ಏನೂ ಬರಲಿಲ್ಲ. ಇನ್ನೊಮ್ಮೆ ಅಲ್ಲಾಡಿಸಿದರು. ನಾನು ಕಿವಿಯನ್ನು ಅವರ ಬಾಯಿಯ ಹತ್ತಿರ ತಂದೆ. ಬಿಸಿ ಉಸಿರು ತಾಗಿತು, ಅಷ್ಟೇ. ತಿರ್ಜಾ ಎದ್ದು ಹೋಗಿ ಭಟ್ಟಿಯ ಕಡೆ ಮುಖ ಮಾಡಿ ನಿಂತಳು. ಊರಿನಲ್ಲಿ ಇದು ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾಗುವುದಾದರೂ ಹೇಗೆ? ಅವರ ದನಿ ಇದ್ದಾಗ ಕೇಳಿದ್ದವರು ನಾವಿಬ್ಬರೇ.

ಆಮೇಲೆ ನೋಡಿ, ಸಮಯ ಬಂತು. ದೊಡ್ಡ ದೊಡ್ಡ ದೇಶಗಳು ಒಂದರ ಹಿಂದೆ ಒಂದು ಪ್ಯಾಲೆಸ್ಟೀನನ್ನು ಒಪ್ಪಿದವೆಂದು ಸುದ್ದಿ ಬಂತು. ತಾವೇ ಹಿಂದೆ ಬಿದ್ದೆವೆಂದು ಸಭೆಗೆ ಗಾಬರಿಯಾಯಿತು. ಬಿಡಿಭಾಗದ ವಿಷಯದಲ್ಲೂ ಏನೋ ಭರವಸೆ ಸಿಕ್ಕಿತಂತೆ. ಕೂಗುವ ದಿನದ ಬೆಳಗ್ಗೆಯೇ ಗಂಟೆ ಬಾರಿಸುವುದು, ಮೊದಲ ಕೂಗು ಜಿಯಾದರದ್ದೇ ಎಂದು ಸಾರಿದರು. ಪಕ್ಕದ ಊರುಗಳಿಂದ ಅತಿಥಿಗಳನ್ನು ಕರೆದರು.

ನಾನು ಪದ್ಮರಾಜಯ್ಯನವರ ಮನೆಗೇ ಹೋದೆ. "ಸ್ವಾಮಿ, ದನಿ ಹೋಗಿದೆ. ಪೂರ್ತಿ ಹೋಗಿದೆ. ಆ ಮನುಷ್ಯನನ್ನ ಅಷ್ಟು ಜನರ ಮುಂದೆ ನಿಲ್ಲಿಸಬೇಡಿ."

ಅವರ ಮುಖ ಬಿಳಿಚಿಕೊಂಡಿತು. "ಗಂಟಲು ಕಟ್ಟಿರ್ಬೇಕು. ಬಿಸಿನೀರು ಕೊಡು" ಎಂದರು.

"ನೀವು ಆವತ್ತು ತಿಂದಿದ್ರೆ ನಿಮಗೇ ಗೊತ್ತಿರ್ತಿತ್ತು" ಎಂದೆ.

ಜಿಯಾದಣ್ಣನಿಗೂ ಹೇಳಿದೆ, ಹೋಗಬೇಡಿ ಎಂದು. ಅವರು ಎದೆಯ ಮೇಲೆ ಕೈಯಿಟ್ಟು, ಆಮೇಲೆ ಬಂದರಿನ ಕಡೆ ಬೆರಳು ತೋರಿಸಿದರು. ಒಗೆದ ಬಿಳಿ ಅಂಗಿ ಹಾಕಿಕೊಂಡು ತಯಾರಾಗಿದ್ದರು. ಹೆಂಡತಿಗಾಗಿ ಹೊರಟವರನ್ನು ನಾನು ಯಾರು ತಡೆಯಲಿಕ್ಕೆ.

ಗಂಟೆ ಮೊಳಗಿತು. ಬಟ್ಟೆಯಿಲ್ಲದ ಗಂಟೆ, ಚೊಕ್ಕ ಸದ್ದು. ಊರಿಗೆ ಊರೇ ಬಂದರಿನಲ್ಲಿ ಉಸಿರು ಬಿಗಿಹಿಡಿದು ನಿಂತಿತ್ತು. ಜಿಯಾದಣ್ಣ ಕಲ್ಲು ಹತ್ತಿ, ಸಮುದ್ರದ ಕಡೆ ತಿರುಗಿ, ಎರಡೂ ಕೈಯನ್ನು ಬಾಯಿಯ ಪಕ್ಕಕ್ಕೆ ಹಿಡಿದು, ಕುತ್ತಿಗೆಯ ನರ ಹರಿಯುವ ಹಾಗೆ ಕೂಗಿದರು. ಅಲೆಯ ಸದ್ದು ಬಂತು. ಯಾರದೋ ಕಂಕುಳಲ್ಲಿದ್ದ ಮಗು ಕೆಮ್ಮಿತು. ಬೇರೇನೂ ಇಲ್ಲ.

ಜನ ಪಕ್ಕದವರ ಮುಖವನ್ನು ಕದ್ದು ನೋಡಿದರು. ತಮ್ಮೊಬ್ಬರ ಕಿವಿ ಮಾತ್ರ ಇನ್ನೂ ತೆರೆದಿಲ್ಲವೇನೋ ಎಂಬ ಹೆದರಿಕೆ ಎಲ್ಲರ ಕಣ್ಣಲ್ಲೂ ಇತ್ತು. ಆಗ ಮುಂದಿನ ಸಾಲಿನಿಂದ ಪದ್ಮರಾಜಯ್ಯನವರು, ಕಣ್ಣು ಮುಚ್ಚಿಕೊಂಡು, "ಕೇಳಿಸ್ತು" ಎಂದರು. ಕೂಡಲೇ ಅತಿಥಿಗಳು ಅಂದರು. ನೀರಿನ ಸದಸ್ಯರು ಅಂದರು, ಮೀನಿನವಳು ಅಂದಳು, ಮೀನಿನವಳ ಪಕ್ಕದ ದ್ವೀಪದವನೂ ಅಂದ. ಇಡೀ ಊರು ಬಂದರು ನಡುಗುವ ಹಾಗೆ "ಕೇಳಿಸ್ತು" ಎಂದಿತು. ಯಾವ ವರ್ಷವೂ ಯಾರ ಹೆಸರಿಗೂ ಅಷ್ಟು ಜೋರಾದ ಉತ್ತರ ಬಂದಿರಲಿಲ್ಲ.

ಜಿಯಾದಣ್ಣ ಕಲ್ಲಿನ ಮೇಲಿಂದ ಆ ಜನರನ್ನೆಲ್ಲ ನೋಡಿದರು. ಆಮೇಲೆ ನನ್ನನ್ನು ಹುಡುಕಿದರು. ನಾನು ಹಲ್ಲು ಕಚ್ಚಿ ನಿಂತಿದ್ದೆ. ನನ್ನ ಪಕ್ಕದಲ್ಲಿ ತಿರ್ಜಾಳೂ ತುಟಿ ಬಿಚ್ಚಿರಲಿಲ್ಲ, ಅವಳ ಕೈ ನನ್ನ ಕೈಯನ್ನು ಹಿಂಡುತ್ತಿತ್ತು. ಅವರು ಕಿವಿಗೆ ಬೊಗಸೆ ಹಿಡಿದು, ನಿಮಗೆ ಕೇಳಿಸಿತಾ ಎಂದು ಕೇಳಿದರು. ಆ ಹೆಸರು ನನಗೆ ಗೊತ್ತಿತ್ತು. ನನ್ನ ಒಳಗೆಲ್ಲ ಅದೇ ಮೊಳಗುತ್ತಿತ್ತು. ಆದರೂ ಇಲ್ಲವೆಂದು ತಲೆಯಾಡಿಸಿದೆ. ಅದಕ್ಕಿಂತ ಕಷ್ಟದ ಕೆಲಸ ನಾನು ಈ ಜನ್ಮದಲ್ಲಿ ಮಾಡಿಲ್ಲ. ಅವರು ಅದೇ ಸರಿ ಎಂಬಂತೆ ಕತ್ತು ಬಾಗಿಸಿ, ಕಲ್ಲಿನಿಂದ ಇಳಿದರು.

"ಎಷ್ಟು ಚೆನ್ನಾಗಾಯ್ತಲ್ಲ ಸಾಕಮ್ಮ" ಎಂದು ಸದಸ್ಯರೊಬ್ಬರು ಸಿಹಿ ಕೊಡಲು ಬಂದರು. "ನಂಗೇನೂ ಕೇಳಿಸ್ಲಿಲ್ಲ ಸ್ವಾಮಿ" ಎಂದೆ. ಅವರು ಸಿಹಿಯನ್ನು ವಾಪಸು ಡಬ್ಬಿಗೆ ಹಾಕಿಕೊಂಡು ಬೇರೆ ಕಡೆ ಹೋದರು.

ಈಗಲೂ ಬೆಳಗಾದರೆ ನಾವು ಮೂವರೂ ಆ ಹೊಸ್ತಿಲಲ್ಲಿ ಕೂರುತ್ತೇವೆ. ರೊಟ್ಟಿಯನ್ನು ಮೂರು ಪಾಲು ಮಾಡುತ್ತಾರೆ. ತಿರ್ಜಾ ಹಿಂದಿನ ಜಗಳದ ಯಾವುದೋ ಮಾತಿಗೆ ಉತ್ತರ ಹೇಳಿ, ಅವರ ಮುಖ ನೋಡಿ, ಅರ್ಧಕ್ಕೇ ಸುಮ್ಮನಾಗುತ್ತಾಳೆ. ನಾನು ಊರಿನ ಸುದ್ದಿ ಹೇಳುತ್ತೇನೆ. ಸಾಸಿವೆ ಡಬ್ಬಿಗೆ ಹೇಳಿದ ಹಾಗಾಗುತ್ತದೆ, ಆದರೂ ಹೇಳುತ್ತೇನೆ. ಹಲಗೆಯ ಮುಂದೆ ಬಂದವರು ಈಗ ಬೆರಳು ತೋರಿಸುವುದಿಲ್ಲ. ನಮಸ್ಕಾರ ಅಂತಾರೆ, ಹೇಗಿದೀರಿ ಅಂತಾರೆ, ಉತ್ತರಕ್ಕೆ ಸ್ವಲ್ಪ ಹೊತ್ತು ಕಾಯುತ್ತಾರೆ. ಜಿಯಾದಣ್ಣ ಕತ್ತು ಬಾಗಿಸಿ ರೊಟ್ಟಿ ಕೊಡುತ್ತಾರೆ. ದನಿ ಇಲ್ಲವೆಂದು ನಾನು ಎಷ್ಟು ಜನರಿಗೆ ಹೇಳಿದರೂ ಯಾರೂ ನಂಬುವುದಿಲ್ಲ. ನಂಬಿದರೆ ಅವತ್ತು ತಾವು ಬಂದರಿನಲ್ಲಿ ಅಂದದ್ದು ಏನಾಗಬೇಕು?

ನಿನ್ನೆ ಮೀನಿನವಳು ರೊಟ್ಟಿ ಕಂಕುಳಿಗೆ ಸಿಕ್ಕಿಸಿಕೊಂಡು ಹೋಗುತ್ತ ಪಕ್ಕದವಳಿಗೆ ಹೇಳುತ್ತಿದ್ದಳು, ನಮಗೆಲ್ಲ ಕೇಳುವ ಹಾಗೇ ಹೇಳುತ್ತಿದ್ದಳು: "ನೋಡಿದ್ಯೇನೇ, ಗಂಟೆ ಬಾರಿಸಿದ್ಮೇಲೆ ಎಷ್ಟು ಸೊಕ್ಕು ಬಂದಿದೆ ಅವನಿಗೆ. ಒಂದು ಮಾತೂ ಆಡಲ್ಲ."